ಚೀಲದ ಬಾಯಿ

ಮೇಷ್ಟ್ರೇ, ನೀವು ಹಲಗೆಯ ಮೇಲೆ ಬರೆಸಿದಿರಂತೆ:
ಕಾರಣ ಒಂದು, ಕಾರಣ ಎರಡು, ಕಾರಣ ಮೂರು.
ರಾಜಕುಮಾರನಿಗೆ ಬಿದ್ದ ಗುಂಡು,
ದೊರೆದೊರೆಗಳ ನಡುವಿನ ಗುಟ್ಟಿನ ಕರಾರು,
ಯಾರ ಹಡಗು ದೊಡ್ಡದೆಂಬ ಮತ್ಸರ.
ಮೊಮ್ಮಗ ಅದನ್ನೇ ಬಾಯಿಪಾಠ ಮಾಡುತ್ತ
ನನ್ನ ಒಲೆಯ ಪಕ್ಕ ತೂಕಡಿಸಿದ.

ಪಟ್ಟಿಯಲ್ಲಿ ನನ್ನ ದಬ್ಬಳ ಇಲ್ಲ.

ನಾನು ಎದುವಿಹಿಸ್ ಮಾಮಾನಿ.
ಅಟಕಾಮಾದ ಬಯಲಲ್ಲಿ ಹುಟ್ಟಿ
ಮಳೆಯೆಂಬ ಮಾತನ್ನು
ಬೇರೆಯವರ ಬಾಯಲ್ಲಷ್ಟೇ ಕೇಳಿದವಳು.
ಹದಿನಾಲ್ಕನೇ ಇಸವಿಗೆ ಮುಂಚೆ, ಆಮೇಲೆಯೂ,
ಪೆಟ್ಲುಪ್ಪಿನ ಚೀಲಗಳ ಬಾಯಿ ಹೊಲಿದೆ.
ಸೆಣಬು ಬಂಗಾಳದ್ದಂತೆ. ಅದರ ನೀಲಿ ಮುದ್ರೆಯನ್ನು
ನಮ್ಮಲ್ಲಿ ಓದು ಕಲಿತವರೂ ಓದಲಾರರು.
ಒಂದು ಚೀಲಕ್ಕೆ ಹದಿನೆಂಟು ಹೊಲಿಗೆ.
ನೂರು ಚೀಲಕ್ಕೆ ಒಂದು ತಗಡಿನ ಬಿಲ್ಲೆ.
ಬಿಲ್ಲೆ ನಡೆಯುವುದು ಕಂಪನಿ ಅಂಗಡಿಯಲ್ಲಿ ಮಾತ್ರ;
ತಕ್ಕಡಿಯೂ ಕಂಪನಿಯದೇ.

ಇದೆಲ್ಲ ಎಲ್ಲಿಗೆ ಹೋಗುತ್ತದೆಂದು ಒಮ್ಮೆ ಕೇಳಿದ್ದೆ.
ಗುಮಾಸ್ತ ಡೆಟ್ಲೆಫ್ ನಕ್ಕ: ನಮ್ಮೂರಿನ ಬೀಟ್‌ರೂಟಿಗೆ.
ಒಂದು ಹಿಡಿ ಉದುರಿಸಿದರೆ ನೆಲ ಬಸುರಾಗುತ್ತದೆ.
ಹುಲ್ಲುಕಡ್ಡಿ ಕಾಣದ ಈ ಬಯಲಿನಿಂದ
ಇನ್ನಾರದೋ ಹಸಿರು!
ಆ ವಾರವೆಲ್ಲ ಎರಡೆರಡು ಎಳೆ ಹಾಕಿ ಹೊಲಿದೆ.

ಆಗಸ್ಟಿನಲ್ಲಿ ಡೆಟ್ಲೆಫ್ ಟೋಪಿ ಎತ್ತಿ ಹೊರಟ.
ಅವನ ದೇಶದ ಹಡಗುಗಳು ಬಂದರಿನಲ್ಲೇ ನಿಂತು ತುಕ್ಕು ಹಿಡಿದವು.
ಕುಲುಮೆ ಆರಿತು. ನಾವು ಬಿಲ್ಲೆ ನೆಕ್ಕಿದೆವು.
ಆಮೇಲೆ, ದೇವರು ದೊಡ್ಡವನು ಅಂದುಕೊಂಡೆವು,
ಬೇರೆ ಬಾವುಟದ ಹಡಗುಗಳು ಬಂದವು.
ಚೀಲ ಸಾಲದು, ರಾತ್ರಿಯೂ ಹೊಲಿಯಿರಿ,
ನೂರಕ್ಕೆ ಎರಡು ಬಿಲ್ಲೆ!
ಸಾರಿಗೆ ಮಾಂಸ ಬಿತ್ತು. ಮಗಳಿಗೆ ಬೂಟು ಬಂತು.
ಅಷ್ಟೊಂದು ಬೀಟ್‌ರೂಟನ್ನು ಯಾರು ತಿನ್ನುತ್ತಾರೆಂದು
ನಾನು ಕೇಳಲಿಲ್ಲ, ಮೇಷ್ಟ್ರೇ.
ಬೂಟು ಕೆಂಪಗಿತ್ತು. ಕೇಳಲಿಲ್ಲ.

ಮುಗಿಯಿತೆಂದು ಗಂಟೆ ಹೊಡೆದ ದಿನ
ಎಲ್ಲರೂ ಕುಣಿದರು, ನಾನೂ ಕುಣಿದೆ.
ಸೋತವರು ಅಷ್ಟರಲ್ಲಿ
ಗಾಳಿಯನ್ನೇ ಹಿಂಡಿ ಉಪ್ಪು ತೆಗೆಯಲು ಕಲಿತಿದ್ದರು.
ಗಾಳಿಗೆ ಚೀಲ ಬೇಡ.
ಯಾವುದೋ ಹಡಗಿನಲ್ಲಿ ಜ್ವರವೂ ಬಂದಿಳಿಯಿತು.
ಕಾಲಿಗೆ ಬಿಗಿಯಾಗಿದ್ದರೂ ಬೂಟು ತೊಡಿಸಿಯೇ
ಮಗಳನ್ನು ಮಣ್ಣು ಮಾಡಿದೆವು.

ತಮ್ಮ ಅನ್ಸೆಲ್ಮೊ ಹಡಗಿಗೆ ಕಲ್ಲಿದ್ದಲು ಹೊಡೆಯುತ್ತ
ಫ್ಲಾಂಡರ್ಸ್ ತಲುಪಿದ. ಅಲ್ಲಿ ಓದಿಯಲ್ ಎಂಬ ರೈತನ ಹೊಲದಲ್ಲಿ
ನೇಗಿಲಿಗೆ ತಗುಲಿದ ಗುಂಡು ಹೆಕ್ಕುವ ಕೂಲಿ.
ಯಾರ ಕೈಲೋ ಬರೆಸಿದ ಕಾಗದ ಬಂತು:

"ಅಕ್ಕಾ, ಇಲ್ಲಿ ಆಕಾಶ ಸದಾ ಸೋರುತ್ತದೆ.
ನೆಲ ಅಂದರೆ ಅಂಬಲಿ. ಕುದುರೆ, ಗಾಡಿ, ಹುಡುಗರು,
ಇಳಿದವರೆಲ್ಲ ಇಳಿದೇ ಹೋದರು.
ಈಗ ಬೀಟ್‌ರೂಟು ಸೊಗಸಾಗಿ ಬರುತ್ತಿದೆ.
ಓದಿಯಲ್ ಮಾತ್ರ ಅದನ್ನು ತಿನ್ನುವುದಿಲ್ಲ.
ಮೊನ್ನೆ ಒಂದು ಕಬ್ಬಿಣದ ಕಾಯಿ ಸಿಡಿಯಿತು.
ಬಲಗೈಯ ಮೂರು ಬೆರಳು ಹೋದವು.
ವಾಸನೆ ನಮ್ಮೂರಿನದೇ."

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ತಿಂದವರು ಯಾರು, ಕುಡಿದವರು ಯಾರು,
ನಾನು ಬರೀ ಬಾಯಿ ಹೊಲಿದವಳು.
ಚೀಲದ್ದು.
ನನ್ನದು.

ಬಯಲಿನ ಊರು ಈಗ ಖಾಲಿ. ಬಾಗಿಲುಗಳನ್ನೂ ಕಿತ್ತು ಮಾರಿದರು.
ಅಲ್ಲಿ ಏನೂ ಕೊಳೆಯುವುದಿಲ್ಲ, ನಿಮಗೆ ಗೊತ್ತಲ್ಲ,
ಗೋರಿಗಿಟ್ಟ ಕಾಗದದ ಹೂವು ಕೂಡ.
ಮಣ್ಣು ಮಾಡಿದೆವು ಅಂದೆ. ಮಣ್ಣಾಗಿಲ್ಲ ಅವಳು.
ಬೂಟು ಇನ್ನೂ ಕೆಂಪಗೇ ಇದ್ದೀತು.

ಪಕ್ಕದ ಮನೆಯ ರೇಡಿಯೋ ಈಚೆಗೆ
ಮತ್ತೆ ಗಂಟಲು ಸರಿಮಾಡಿಕೊಳ್ಳುತ್ತಿದೆ.
ನಾಳೆ ಹಲಗೆ ಒರೆಸುವ ಮುಂಚೆ, ಮೇಷ್ಟ್ರೇ,
ಮೂಲೆಯಲ್ಲಿ ಜಾಗ ಉಳಿದಿದ್ದರೆ
ಸಣ್ಣದಾಗಿ ಹದಿನೆಂಟು ಗೀಟು ಎಳೆಯಿರಿ.
ಇದೇನೆಂದು ಹುಡುಗರು ಕೇಳಿಯಾರು.
ಕೇಳಲಿ.